ಇಂಗ್ಲಿಷ್ ಕಲಿಯುವವರಿಗೆ ಟೊರೊಂಟೊ ಪಬ್ಲಿಕ್ ಲೈಬ್ರರಿ: ಅಲ್ಲಿನ ಪುಸ್ತಕಕ್ಕಿಂತ ಆ ಡೆಸ್ಕ್ ದೊಡ್ಡದು

ಟೊರೊಂಟೊಗೆ ಹೊಸದಾಗಿ ಬಂದವರು ಇಂಗ್ಲಿಷ್ ಎಲ್ಲಿ ಕಲಿಯಬೇಕು ಎಂದು ಕೇಳಿದರೆ ಎಲ್ಲರೂ ಮೊದಲು ಹೇಳುವುದು ಲಿಂಕ್ ತರಗತಿಯ ಹೆಸರು. ಅದು ಒಳ್ಳೆಯದೇ. ಆದರೆ ಕೆನಡಾ ಸರ್ಕಾರದ ದುಡ್ಡಿನಲ್ಲಿ ನಡೆಯುವ ಆ ತರಗತಿ ಪಿಆರ್ (ಕಾಯಂ ವಾಸದ ಅನುಮತಿ) ಇದ್ದವರಿಗೆ, ನಿರಾಶ್ರಿತರೆಂದು ರಕ್ಷಣೆ ಪಡೆದವರಿಗೆ. ಮಗಳ ಮನೆಗೆಂದು ಸೂಪರ್ ವೀಸಾದಲ್ಲಿ (ಹೆತ್ತವರಿಗೆ ಕೊಡುವ ದೀರ್ಘ ಭೇಟಿಯ ವೀಸಾ) ಬಂದ ಅಪ್ಪ ಅಮ್ಮನಿಗೆ ಅಲ್ಲಿ ಜಾಗವಿಲ್ಲ. ಆಫೀಸಿನ ಇಮೇಲ್ ಬರೆಯುವಷ್ಟು ಇಂಗ್ಲಿಷ್ ಇದ್ದೂ ಕೌಂಟರ್ ಮುಂದೆ ನಿಂತರೆ ಬಾಯಿ ಕಟ್ಟುವವರಿಗೆ ತರಗತಿಗೆ ಹೋಗುವಷ್ಟು ಬಿಡುವೂ ಇರುವುದಿಲ್ಲ. ಇವರಿಬ್ಬರಿಗೂ ಹೇಳಿಮಾಡಿಸಿದ ಜಾಗ ಪಬ್ಲಿಕ್ ಲೈಬ್ರರಿ. ಊರಿನ ತುಂಬ ಅದರ 100 ಬ್ರಾಂಚ್‌ಗಳಿವೆ. ಒಳಗೆ ಹೋಗಲು, ಕೂರಲು, ಓದಲು, ಪ್ರಶ್ನೆ ಕೇಳಲು ಕಾರ್ಡ್ ಕೂಡ ಬೇಕಿಲ್ಲ.

ಕಾರ್ಡ್ ಮಾತ್ರ ಮೊದಲ ದಿನವೇ ಮಾಡಿಸಿಕೊಳ್ಳಿ. ಟೊರೊಂಟೊದಲ್ಲಿ ವಾಸ ಮಾಡುವವರಿಗೆ, ಕೆಲಸ ಮಾಡುವವರಿಗೆ, ಓದುವವರಿಗೆ, ಇಲ್ಲಿ ಆಸ್ತಿ ಇರುವವರಿಗೆ ಅದು ಉಚಿತ. ಹೆಸರು ತೋರಿಸುವ ಒಂದು ದಾಖಲೆ, ವಿಳಾಸ ತೋರಿಸುವ ಒಂದು ದಾಖಲೆ ಸಾಕು. ಒಂಟಾರಿಯೊ ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಎರಡೂ ಇರುತ್ತವೆ. ಅದಿಲ್ಲದವರು ಪಾಸ್‌ಪೋರ್ಟ್ ಜೊತೆ ಬಾಡಿಗೆ ಕರಾರನ್ನೋ ಬ್ಯಾಂಕ್ ಸ್ಟೇಟ್‌ಮೆಂಟನ್ನೋ ಒಯ್ಯಬೇಕು. ಅಪ್ಪ ಅಮ್ಮನ ಹೆಸರಿನಲ್ಲಿ ಬಾಡಿಗೆ ಪತ್ರವಾಗಲಿ ಬಿಲ್ಲಾಗಲಿ ಇರುವುದಿಲ್ಲವಲ್ಲ, ಅವರಿಗಾಗಿ ಮೊದಲೇ ಒಂದು ಬ್ಯಾಂಕ್ ಖಾತೆ ತೆರೆದು ಸ್ಟೇಟ್‌ಮೆಂಟ್ ಮುದ್ರಿಸಿ ಇಟ್ಟುಕೊಂಡರೆ ಕೆಲಸ ಸಲೀಸು.

ನಮ್ಮವರು ಮೊದಲು ಎಡವುವುದು ಕಾರ್ಡ್ ಮಾಡಿಸುವ ಈ ಕೌಂಟರಿನಲ್ಲೇ, ಅದೂ ಸ್ವಂತ ಹೆಸರು ಹೇಳುವಾಗ. ಕನ್ನಡಿಗರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರೋ ಊರ ಹೆಸರೋ ಇರುತ್ತದೆ, ಇಲ್ಲವೇ ಆ ಜಾಗವೇ ಖಾಲಿ. ಖಾಲಿ ಇದ್ದರೆ ಕೆನಡಾದ ದಾಖಲೆಗಳಲ್ಲಿ ನಿಮ್ಮ ಸ್ವಂತ ಹೆಸರೇ ಸರ್‌ನೇಮ್ ಆಗಿ ಕೂತಿರುತ್ತದೆ. ಮುಂದೆ ಲಾಸ್ಟ್ ನೇಮ್ ಕೇಳಿ ನಿಮ್ಮ ಖಾತೆ ಹುಡುಕಬಹುದಾದ್ದರಿಂದ ದಾಖಲೆಯಲ್ಲಿ ಇರುವಂತೆಯೇ ಹೇಳಿ. ಆಮೇಲೆ ಸ್ಪೆಲ್ಲಿಂಗ್ ಕೇಳುತ್ತಾರೆ. ಕನ್ನಡ ನಾಲಿಗೆ ಎಂ, ಎನ್, ಎಸ್ ಅಕ್ಷರಗಳ ಮುಂದೆ ತನಗೆ ತಿಳಿಯದೆಯೇ ಒಂದು ಯಕಾರ ಸೇರಿಸುತ್ತದೆ: ಯೆಂ, ಯೆನ್, ಯೆಸ್. ನಮ್ಮ ಒಂದೇ ವಕಾರ ಅವರ ಕಿವಿಗೆ ವಿ ಆಗಿಯೂ ಕೇಳಬಹುದು, ಡಬ್ಲ್ಯೂ ಆಗಿಯೂ ಕೇಳಬಹುದು. ವಿಶ್ವನಾಥ್, ವಸುಮತಿ, ವೀಣಾ ಎಂಬ ಹೆಸರಿನವರಿಗೆ ಇದು ದಿನನಿತ್ಯದ ಪಾಡು. “ವಿ ಆ್ಯಸ್ ಇನ್ ವಿಕ್ಟರ್, ಎಂ ಆ್ಯಸ್ ಇನ್ ಮೇರಿ, ಎನ್ ಆ್ಯಸ್ ಇನ್ ನ್ಯಾನ್ಸಿ” ಎಂದು ಪೂರ್ತಿ ಹೆಸರನ್ನು ಮನೆಯಲ್ಲೇ ಜೋರಾಗಿ ಹೇಳಿ ಅಭ್ಯಾಸ ಮಾಡಿಕೊಂಡು ಹೋಗಬೇಕು. ಕೊನೆಯ ಅಕ್ಷರವನ್ನು ಕೆನಡಾದಲ್ಲಿ ನಮ್ಮ ಹಾಗೆಯೇ ಝೆಡ್ ಎನ್ನುತ್ತಾರೆ, ಅದೊಂದು ನೆಮ್ಮದಿ.

ಪುಸ್ತಕವನ್ನು 21 ದಿನ ಇಟ್ಟುಕೊಳ್ಳಬಹುದು. ಅದಕ್ಕಾಗಿ ಬೇರೆಯವರು ಕಾಯುತ್ತಿಲ್ಲದಿದ್ದರೆ ರಿನ್ಯೂ ಮಾಡಿಸಬಹುದು. ತಡವಾದರೆ ದಂಡ ಹಾಕುವ ಪದ್ಧತಿಯನ್ನು ಈ ಲೈಬ್ರರಿ 2022ರಲ್ಲಿ ಪೂರ್ತಿ ನಿಲ್ಲಿಸಿತು. ನಿಘಂಟು ಪಕ್ಕದಲ್ಲಿಟ್ಟುಕೊಂಡು ದಿನಕ್ಕೆ ನಾಲ್ಕು ಪುಟ ಓದುವವರಿಗೆ ಇದು ನಿಜವಾದ ಉಪಕಾರ. ಪುಸ್ತಕ ಕಳೆದರೆ ಅಥವಾ ಹಾಳಾದರೆ ಮಾತ್ರ ಅದರ ಬೆಲೆ ಕಟ್ಟಬೇಕು.

ಈಗ ಡೆಸ್ಕ್ ವಿಷಯ, ಅಂದರೆ ಗ್ರಂಥಪಾಲಕರು ಕೂತು ಓದುಗರ ಪ್ರಶ್ನೆಗಳಿಗೆ ಉತ್ತರಿಸುವ ಮೇಜಿನದು. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದಾಗಿ ಊರೂರಿಗೆ ಗ್ರಂಥಾಲಯ ಬಂತು. ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತ ಬಂದಿದ್ದೇವೆ. ಆದರೂ ನಮ್ಮಲ್ಲಿ ಬಹುಪಾಲು ಜನ ಅಲ್ಲಿಗೆ ಹೋಗುವುದು ಪೇಪರ್ ಓದಲು. ಗ್ರಂಥಪಾಲಕರು ಪುಸ್ತಕ ಕಾಯುವವರು, ಅವರನ್ನು ಸುಮ್ಮನೆ ತೊಂದರೆಪಡಿಸಬಾರದು ಎಂಬ ಸಂಕೋಚ ಬಾಲ್ಯದಿಂದಲೇ ಮೈಗಂಟಿದೆ. ಬೆಂಗಳೂರಿನಲ್ಲೇ ಕೊನೆಯ ವರ್ಷಗಳನ್ನು ಕಳೆದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಷ್ಟು ಹಿಂದೆಯೇ ಓದುಗನ ಸಮಯ ಉಳಿಸುವುದು ಗ್ರಂಥಾಲಯದ ಕರ್ತವ್ಯವೆಂದು ಸೂತ್ರ ಬರೆದಿಟ್ಟರೂ ಆ ಸಂಕೋಚ ಹೋಗಿಲ್ಲ. ಟೊರೊಂಟೊದಲ್ಲಿ ಅದನ್ನು ಬಾಗಿಲ ಹೊರಗೇ ಬಿಡಬೇಕು. ಡೆಸ್ಕಿನಲ್ಲಿ ಕೂತವರಿಗೆ ಸಂಬಳ ಕೊಡುವುದೇ ಪ್ರಶ್ನೆಗಳಿಗೆ ಉತ್ತರಿಸಲೆಂದು. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ತಪ್ಪು ಮಾತಾಡಿದರೆ ನಷ್ಟವಿದೆ. ಇಲ್ಲಿ ಅರ್ಥವಾಗದ ಪ್ರಶ್ನೆ ಕೇಳಿದರೆ ಆಗುವುದು ಇಷ್ಟೇ, ಅವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಮಾತಿನ ವಿಷಯವೂ ಸೀಮಿತ: ಪುಸ್ತಕ ಎಲ್ಲಿದೆ, ಯಾವಾಗ ಸಿಗುತ್ತದೆ, ಹೇಗೆ ಮುದ್ರಿಸುವುದು, ಕಾರ್ಯಕ್ರಮ ಎಷ್ಟು ಗಂಟೆಗೆ. ಅದದೇ ಪದಗಳು ಮತ್ತೆ ಮತ್ತೆ ಬರುತ್ತವೆ. ಕಲಿಯುವವರಿಗೆ ಬೇಕಾಗಿರುವುದೂ ಅದೇ.

ಪ್ರಶ್ನೆ ಕಟ್ಟುವುದರಲ್ಲಿ ಒಂದು ಕ್ರಮವಿದೆ. “ಐ ವಾಂಟ್ ಇಂಗ್ಲಿಷ್ ಬುಕ್” ಎಂದರೆ ಎದುರಿಗಿರುವವರಿಗೆ ಏನೂ ತಿಳಿಯುವುದಿಲ್ಲ, ಕಟ್ಟಡದಲ್ಲಿ ಇರುವುದೆಲ್ಲ ಹೆಚ್ಚುಕಡಿಮೆ ಇಂಗ್ಲಿಷ್ ಬುಕ್ಕೇ. ಏನು ಬೇಕು, ಯಾರಿಗೆ, ಯಾವ ಮಟ್ಟದ್ದು, ಯಾವುದಕ್ಕಾಗಿ ಎಂಬ ನಾಲ್ಕನ್ನೂ ಸೇರಿಸಿ: “ಎಕ್ಸ್‌ಕ್ಯೂಸ್ ಮಿ, ಐ ಆಮ್ ಲುಕಿಂಗ್ ಫಾರ್ ಆ್ಯನ್ ಈಸಿ ಸ್ಟೋರಿ ಬುಕ್ ವಿತ್ ಆಡಿಯೊ. ಇಟ್ ಈಸ್ ಫಾರ್ ಮೈ ಮದರ್. ಶಿ ರೀಡ್ಸ್ ಎ ಲಿಟ್ಲ್ ಇಂಗ್ಲಿಷ್. ಶಿ ವಾಂಟ್ಸ್ ಟು ಪ್ರಾಕ್ಟೀಸ್ ಲಿಸನಿಂಗ್.” ಒಂದೊಂದೂ ಚಿಕ್ಕ ವಾಕ್ಯ. ಕನ್ನಡದಲ್ಲಿ ಯೋಚಿಸಿ ಎಲ್ಲವನ್ನೂ ಒಂದೇ ಉದ್ದ ವಾಕ್ಯಕ್ಕೆ ಹೆಣೆಯಲು ಹೋದರೆ ಕ್ರಿಯಾಪದ ಎಲ್ಲಿ ಇಡಬೇಕೆಂದು ತೋಚದೆ ನಡುವೆ ನಿಂತುಬಿಡುತ್ತೇವೆ. ಜಾಗ ಕೇಳುವಾಗ ಆಗುವ ತಪ್ಪು ಇನ್ನೊಂದು: “ಕುಡ್ ಯು ಟೆಲ್ ಮಿ” ಎಂದು ಶುರು ಮಾಡಿದ ಮೇಲೆ “ವೇರ್ ಆರ್ ದ ಬುಕ್ಸ್” ಅಲ್ಲ, “ವೇರ್ ದ ಬುಕ್ಸ್ ಆರ್.” ನೇರವಾಗಿ ಕೇಳಿದರೆ “ವೇರ್ ಆರ್ ದ ಬುಕ್ಸ್?” ಎಂಬುದೇ ಸರಿ. ಎರಡನ್ನೂ ಬಾಯಿಪಾಠ ಮಾಡಿ.

ಕೇಳಿದ ತಕ್ಷಣ ಉತ್ತರ ಬರುವುದಿಲ್ಲ, ತಿರುಗಿ ಪ್ರಶ್ನೆಗಳು ಬರುತ್ತವೆ. ಯಾರಿಗಾಗಿ, ಓದಲೋ ಮಾತಾಡಲೋ, ಪರೀಕ್ಷೆ ಕಟ್ಟುತ್ತಿದ್ದೀರಾ, ಯಾವ ಪರೀಕ್ಷೆ. ನಮ್ಮ ಕೆಲವರಿಗೆ ಇದು ವಿಚಾರಣೆಯಂತೆ ತೋರಿ “ನೋ ನೋ, ಇಟ್ಸ್ ಓಕೆ” ಎಂದು ಹಿಂದೆ ಸರಿದುಬಿಡುತ್ತಾರೆ. ಹಾಗೆ ಮಾಡಬೇಡಿ. ತಿರುಗಿ ಪ್ರಶ್ನೆ ಕೇಳುವುದು ಗ್ರಂಥಪಾಲಕರ ತರಬೇತಿಯ ಮುಖ್ಯ ಭಾಗ, ಜನ ಕೇಳುವ ಮೊದಲ ಪ್ರಶ್ನೆಯ ಹಿಂದೆ ಸಾಮಾನ್ಯವಾಗಿ ಬೇರೊಂದು ಅಗತ್ಯ ಅಡಗಿರುತ್ತದೆಂದು ಅವರಿಗೆ ಗೊತ್ತು. ನಿಮ್ಮ ಅಭ್ಯಾಸ ನಡೆಯುವುದೂ ಈ ಮರುಪ್ರಶ್ನೆಗಳಲ್ಲೇ.

ಇಲ್ಲಿ ಎರಡು ಸೂಕ್ಷ್ಮಗಳಿವೆ. “ಯು ಡೋಂಟ್ ಹ್ಯಾವ್ ಎ ಕಾರ್ಡ್?” ಎಂದು ಕೇಳಿದರೆ ಕನ್ನಡದ ಮನಸ್ಸು “ಹೌದು, ಇಲ್ಲ” ಎಂದು ಯೋಚಿಸಿ “ಯೆಸ್” ಎನ್ನುತ್ತದೆ. ಅವರು ಕಾರ್ಡ್ ಇದೆ ಎಂದುಕೊಳ್ಳುತ್ತಾರೆ. ಇಲ್ಲದಿದ್ದರೆ “ನೋ, ಐ ಡೋಂಟ್” ಎಂದೇ ಹೇಳಬೇಕು. ಎರಡನೆಯದು ತಲೆ ಆಡಿಸುವುದು. ಒಪ್ಪಿಗೆಗೆ ನಾವು ತಲೆಯನ್ನು ಅಕ್ಕಪಕ್ಕ ತೂಗುತ್ತೇವೆ. ಅದನ್ನು ನೋಡಿದವರಿಗೆ ಅರ್ಥವಾಯಿತೋ ಇಲ್ಲವೋ, ಬೇಕೋ ಬೇಡವೋ ತಿಳಿಯದೆ ಅದೇ ಮಾತನ್ನು ಮತ್ತೆ ಹೇಳುತ್ತಾರೆ. ಬಾಯಿ ಬಿಟ್ಟು “ಯೆಸ್, ಪ್ಲೀಸ್” ಎನ್ನಿ.

ಅರ್ಥವಾಗದಿದ್ದರೆ ಬರೀ “ಸಾರಿ?” ಎಂದರೆ ಅದೇ ವಾಕ್ಯ ಸ್ವಲ್ಪ ಜೋರಾಗಿ ಬರುತ್ತದೆ, ಅಷ್ಟೇ. ಎಷ್ಟು ತಿಳಿಯಿತು, ಎಲ್ಲಿ ತಪ್ಪಿತು ಎಂದು ಹೇಳಿದರೆ ಅವರು ಆ ತುಂಡನ್ನು ಮಾತ್ರ ಬಿಡಿಸಿ ಹೇಳುತ್ತಾರೆ: “ಐ ಗಾಟ್ ದ ಫಸ್ಟ್ ಪಾರ್ಟ್. ವಿಚ್ ಫ್ಲೋರ್ ಡಿಡ್ ಯು ಸೇ?” ಪುಸ್ತಕದ ನಂಬರ್ ಬಂದರೆ ಕಿವಿಯನ್ನು ನಂಬಬೇಡಿ, “ಕುಡ್ ಯು ರೈಟ್ ದಟ್ ಡೌನ್ ಫಾರ್ ಮಿ?” ಎಂದು ಕೇಳಿ. ಚೀಟಿ ಬರೆದುಕೊಡುವುದು ಅಲ್ಲಿ ದಿನನಿತ್ಯದ ಕೆಲಸ. ಹುಡುಕಿ ಸಿಗದಿದ್ದರೆ ಅದೇ ಚೀಟಿ ಹಿಡಿದು ಮತ್ತೆ ಡೆಸ್ಕಿಗೆ ಬನ್ನಿ. ನಮ್ಮವರು ಬಿಟ್ಟುಬಿಡುವ ಹೆಜ್ಜೆಯೇ ಇದು. ಒಂದು ಸಲ ತೊಂದರೆ ಕೊಟ್ಟಾಯಿತು, ಇನ್ನೊಂದು ಸಲ ಹೇಗೆ ಹೋಗುವುದು ಎಂದು ಬರಿಗೈಯಲ್ಲಿ ಮನೆಗೆ ಹೊರಡುತ್ತಾರೆ. “ಐ ಕುಡಂಟ್ ಫೈಂಡ್ ಇಟ್. ಕುಡ್ ಯು ಶೋ ಮಿ?” ಎಂದರೆ ಬಿಡುವಿದ್ದಾಗ ಎದ್ದು ಬಂದು ಶೆಲ್ಫಿನ ಮುಂದೆ ನಿಲ್ಲಿಸುತ್ತಾರೆ. ಆ ನಡಿಗೆಯಲ್ಲಿ ಸಿಗುವ ನಾಲ್ಕು ಮಾತು ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ.

ಪುಸ್ತಕಗಳ ಬಗ್ಗೆ ಹೇಳಬೇಕಾದ್ದು ಸಾಕಷ್ಟಿದೆ. ಪುಸ್ತಕಗಳನ್ನು ವಿಷಯವಾರು ಜೋಡಿಸಲು ಬಳಸುವ ಡ್ಯೂಯಿ ಸಂಖ್ಯೆಯಲ್ಲಿ ಇಂಗ್ಲಿಷ್ ಕಲಿಕೆಯ ಪುಸ್ತಕಗಳು 428ರಲ್ಲಿ, ವ್ಯಾಕರಣ 425ರಲ್ಲಿ, ಉಚ್ಚಾರಣೆ 421ರಲ್ಲಿ ಬರುತ್ತವೆ. ಆದರೆ ಇಎಸ್‌ಎಲ್ (ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುವವರ) ಪುಸ್ತಕಗಳನ್ನು ಬೇರೆ ಕಪಾಟಿನಲ್ಲಿ ಒಟ್ಟಿಗೆ ಇಡುವ ರೂಢಿಯೂ ಉಂಟು. ಹಾಗಿದ್ದ ಕಡೆ ನಂಬರ್ ಹಿಡಿದು ಸಾಲು ಸಾಲು ಹುಡುಕಿದರೂ ಸಿಗದು, ಇಎಸ್‌ಎಲ್ ಶೆಲ್ಫ್ ಎಲ್ಲಿ ಎಂದೇ ಕೇಳಬೇಕು. ದೊಡ್ಡವರು ಮಕ್ಕಳ ಚಿತ್ರಪುಸ್ತಕದಿಂದ ಶುರು ಮಾಡುವುದನ್ನು ನಾನು ಒಪ್ಪುವುದಿಲ್ಲ. ಅದರ ಭಾಷೆ ತೋರುವಷ್ಟು ಸುಲಭವಲ್ಲ, ಪ್ರಾಸಕ್ಕಾಗಿ ತಂದ ಪದಗಳು, ಪ್ರಾಣಿಗಳ ಸದ್ದುಗಳು ದಿನಬಳಕೆಗೆ ಬರುವುದೂ ಇಲ್ಲ. ಕೇಳಬೇಕಾದ್ದು ಗ್ರೇಡೆಡ್ ರೀಡರ್, ಅಂದರೆ ಕಲಿಯುವವರಿಗಾಗಿ ಪದಗಳನ್ನು ಮಿತಿಗೊಳಿಸಿ ಹಂತ ಹಂತವಾಗಿ ಬರೆದ ಕಥೆಪುಸ್ತಕ. ಆಕ್ಸ್‌ಫರ್ಡ್ ಬುಕ್‌ವರ್ಮ್ಸ್ ಮಾಲೆಯಲ್ಲಿ ಮೊದಲ ಹಂತಕ್ಕೆ 400 ಮೂಲಪದ, ಎರಡಕ್ಕೆ 700, ಮೂರಕ್ಕೆ 1000, ಹೀಗೆ ಆರನೆಯದಕ್ಕೆ 2500ರವರೆಗೆ ಏರುತ್ತದೆ. ಅದಕ್ಕೂ ಕೆಳಗೆ 250 ಪದಗಳ ಸ್ಟಾರ್ಟರ್ ಇದೆ. ಕಪಾಟಿನ ಮುಂದೆ ನಿಂತೇ ನಡುವಿನ ಒಂದು ಪುಟ ಓದಿ. ಐದಕ್ಕಿಂತ ಹೆಚ್ಚು ಪದ ಗೊತ್ತಾಗದಿದ್ದರೆ ಒಂದು ಹಂತ ಕೆಳಗಿಳಿಯಿರಿ. ಪದವಿ ಓದಿದವರು ಮೊದಲ ಹಂತದ ಪುಸ್ತಕ ಹಿಡಿಯಲು ನಾಚಿಕೊಳ್ಳುತ್ತಾರೆ. ನಾಲ್ಕನೆಯ ಹಂತದ್ದನ್ನು ಒಯ್ದು ಹತ್ತನೇ ಪುಟಕ್ಕೆ ಬಿಡುವುದಕ್ಕಿಂತ ಎರಡನೆಯ ಹಂತದ್ದನ್ನು ಮುಗಿಸುವುದು ಲೇಸು.

ಪರೀಕ್ಷೆಯ ಪುಸ್ತಕ ಬೇಕಾದವರು ಹೆಸರನ್ನು ಪೂರ್ತಿ ಹೇಳಬೇಕು. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಪಿಆರ್ ಅರ್ಜಿಗೆ ಬೇಕಾದ್ದು ಜನರಲ್ ಟ್ರೇನಿಂಗ್, ಕಾಲೇಜು ಪ್ರವೇಶಕ್ಕೆ ಅಕಾಡೆಮಿಕ್. ಕೇಂಬ್ರಿಜ್‌ನ ಅಭ್ಯಾಸ ಪುಸ್ತಕಗಳು 11ನೇ ಸಂಪುಟದಿಂದ ಈ ಎರಡಕ್ಕೂ ಬೇರೆ ಬೇರೆಯಾಗಿ ಬರುತ್ತವೆ. ಬರೀ “ಐಇಎಲ್‌ಟಿಎಸ್ ಬುಕ್” ಎಂದರೆ ಕೈಗೆ ಅಕಾಡೆಮಿಕ್ ಬಂದು 21 ದಿನ ವ್ಯರ್ಥವಾಗುವ ಸಾಧ್ಯತೆ ಇದೆ. ಕೆನಡಾದ್ದೇ ಆದ ಸೆಲ್ಪಿಪ್ ಇಂಗ್ಲಿಷ್ ಪರೀಕ್ಷೆಯೂ ಹಾಗೆಯೇ, ಜನರಲ್ ಎಂದು ಸೇರಿಸಿ. ಇನ್ನು ಈ ಪುಸ್ತಕಗಳ ದೊಡ್ಡ ಕುಂದು ಎಂದರೆ ಹಿಂದೆ ಓದಿದವರು ಪೆನ್ಸಿಲಿನಲ್ಲಿ, ಕೆಲವೊಮ್ಮೆ ಪೆನ್ನಿನಲ್ಲೇ, ಉತ್ತರ ಗುರುತು ಹಾಕಿರುವುದು. ಲಿಸನಿಂಗ್ ಭಾಗದ ಪುಟಗಳನ್ನು ಅಲ್ಲೇ ತೆರೆದು ನೋಡಿ, ಗೀಚಿದ್ದರೆ ಬೇರೆ ಪ್ರತಿ ಕೇಳಿ. ಆಡಿಯೊ ಸಿಡಿಯಲ್ಲಿದೆಯೋ ಡೌನ್‌ಲೋಡ್ ಮಾಡಬೇಕೋ ಎಂದೂ ನೋಡಿಕೊಳ್ಳಿ, ಸಿಡಿ ಹಾಕುವ ಯಂತ್ರ ಈಗ ಯಾರ ಮನೆಯಲ್ಲಿದೆ?

ಬೇಕಾದ ಪುಸ್ತಕ ನಿಮ್ಮ ಬ್ರಾಂಚಿನಲ್ಲಿ ಇರದಿದ್ದರೆ ಹೋಲ್ಡ್ ಹಾಕಿದರಾಯಿತು. ಊರಿನ ಯಾವ ಮೂಲೆಯಲ್ಲಿದ್ದರೂ ನೀವು ಹೇಳಿದ ಬ್ರಾಂಚಿಗೆ ತರಿಸಿ ನಿಮಗೆ ತಿಳಿಸುತ್ತಾರೆ. ಇದೂ ಉಚಿತ. ಕ್ಯಾಟಲಾಗ್‌ನಲ್ಲಿ ಚೆಕ್ಡ್ ಔಟ್ ಎಂದಿದ್ದರೆ ಬೇರೆಯವರು ಒಯ್ದಿದ್ದಾರೆ, ಇನ್ ಟ್ರಾನ್ಸಿಟ್ ಎಂದಿದ್ದರೆ ವ್ಯಾನಿನಲ್ಲಿದೆ. ಹೊಸ ಕಾದಂಬರಿಗಳಿಗೆ ಸರದಿ ಉದ್ದವಿರುತ್ತದೆ. “ಹೌ ಮೆನಿ ಪೀಪಲ್ ಆರ್ ಅಹೆಡ್ ಆಫ್ ಮಿ?” ಎಂದು ಕೇಳುವುದು ಒಳ್ಳೆಯ ಅಭ್ಯಾಸದ ಪ್ರಶ್ನೆ. ಬಂದ ಪುಸ್ತಕವನ್ನು ಕೆಲವು ದಿನ ಮಾತ್ರ ನಿಮಗಾಗಿ ತೆಗೆದಿಡುತ್ತಾರೆ, ಆ ಕೊನೆಯ ದಿನಾಂಕವನ್ನೂ ಕೇಳಿಕೊಳ್ಳಿ.

ಕೆಲವು ಬ್ರಾಂಚ್‌ಗಳಲ್ಲಿ ಇಂಗ್ಲಿಷ್ ಕಾನ್ವರ್ಸೇಶನ್ ಸರ್ಕಲ್ ನಡೆಯುತ್ತದೆ. ಸುತ್ತ ಕುರ್ಚಿ ಹಾಕಿ ಒಂದು ವಿಷಯದ ಮೇಲೆ ಮಾತಾಡುವುದು, ಅಷ್ಟೇ. ಇದು ತರಗತಿ ಅಲ್ಲ. ವ್ಯಾಕರಣ ಕಲಿಸುತ್ತಾರೆ, ತಪ್ಪು ತಿದ್ದುತ್ತಾರೆ ಎಂದುಕೊಂಡು ಹೋದವರಿಗೆ ನಿರಾಸೆಯಾಗುತ್ತದೆ. ಮಟ್ಟಗಳು ಕಲಸಿಹೋಗುವುದು ಇದರ ಇನ್ನೊಂದು ತೊಡಕು. ಚೆನ್ನಾಗಿ ಮಾತಾಡುವ ಇಬ್ಬರು ಇದ್ದರೆ ಸಮಯವೆಲ್ಲ ಅವರದೇ ಆಗುತ್ತದೆ, ಹೊಸಬರು ನಗುತ್ತ ಕೂರುತ್ತಾರೆ. ಅದಕ್ಕೆ ಮದ್ದು, ಮೊದಲೇ ವಿಷಯ ಕೇಳಿ ತಿಳಿದುಕೊಂಡು ಮೂರು ವಾಕ್ಯ ಸಿದ್ಧ ಮಾಡಿಕೊಂಡು ಹೋಗುವುದು, ಮತ್ತು ಆರಂಭದ ಹತ್ತು ನಿಮಿಷದೊಳಗೆ ಅವುಗಳಲ್ಲಿ ಒಂದನ್ನು ಹೇಳಿಬಿಡುವುದು. ಕನ್ನಡದವರೇ ಮೂವರು ಒಟ್ಟಿಗೆ ಹೋದರೆ ಬೇರೆ ಬೇರೆ ಕೂರಿ. ಹೋಗುವ ಮೊದಲು “ಡು ಐ ನೀಡ್ ಟು ರಿಜಿಸ್ಟರ್, ಆರ್ ಕ್ಯಾನ್ ಐ ಜಸ್ಟ್ ಡ್ರಾಪ್ ಇನ್?” ಎಂದು ಕೇಳಲೇಬೇಕು. ದಿನ, ಹೊತ್ತು, ನಿಯಮ ಬ್ರಾಂಚಿಗೆ ತಕ್ಕಂತೆ ಬದಲಾಗುತ್ತವೆ. ಚಿಕ್ಕ ಮಕ್ಕಳಿರುವವರು ರೆಡಿ ಫಾರ್ ರೀಡಿಂಗ್ ಕಥಾ ಕಾರ್ಯಕ್ರಮಕ್ಕೂ ಹೋಗಬಹುದು. ಅಲ್ಲಿ ಪಕ್ಕದಲ್ಲಿ ಕೂರುವ ಅಪ್ಪ ಅಮ್ಮಂದಿರ ಜೊತೆಗಿನ ಹರಟೆ ಎಷ್ಟೋ ಸಲ ಸರ್ಕಲ್‌ಗಿಂತ ಸಹಜವಾಗಿರುತ್ತದೆ.

ಡೆಸ್ಕಿಗೂ ಮಿತಿಗಳಿವೆ. ವೀಸಾ ಫಾರಂ ತುಂಬಿಕೊಡುವುದಿಲ್ಲ, ನಿಮ್ಮ ಪರವಾಗಿ ಕಾನೂನಿನ ಸಲಹೆ ಕೊಡುವುದಿಲ್ಲ, ಔಷಧಿ ಯಾವುದು ಸರಿ ಎಂದು ಹೇಳುವುದಿಲ್ಲ. ಮಾಹಿತಿ ಎಲ್ಲಿದೆ ಎಂದು ತೋರಿಸುತ್ತಾರೆ. ವಲಸೆ, ಕೆಲಸ, ಶಾಲೆ ಸೇರ್ಪಡೆ ಇಂಥ ವಿಷಯಕ್ಕೆ ಕೆಲವು ಬ್ರಾಂಚ್‌ಗಳಲ್ಲಿ ಸೆಟಲ್‌ಮೆಂಟ್ ವರ್ಕರ್ ಎಂಬುವರು ಕೂರುತ್ತಾರೆ. ಅವರು ಬೇರೆ ಸಂಸ್ಥೆಯವರು, ಲೈಬ್ರರಿ ಜೊತೆಗಿನ ಒಪ್ಪಂದದಂತೆ ಅಲ್ಲಿರುವವರು. ಪುಸ್ತಕದ ಡೆಸ್ಕಿನಲ್ಲಿ ಅರ್ಧ ಗಂಟೆ ಕತೆ ಹೇಳುವ ಬದಲು “ಈಸ್ ದೇರ್ ಎ ಸೆಟಲ್‌ಮೆಂಟ್ ವರ್ಕರ್ ಹಿಯರ್?” ಎಂದು ಮೊದಲೇ ಕೇಳಿ. ಪೌರತ್ವ ಪರೀಕ್ಷೆಗೆ ಓದುವವರಿಗೆ ಡಿಸ್ಕವರ್ ಕೆನಡಾ ಕೈಪಿಡಿ ಬೇಕೆಂದರೆ ಡೆಸ್ಕಿನಲ್ಲೇ ಕೇಳಬಹುದು. ಆ ಪರೀಕ್ಷೆಯಲ್ಲಿ 20 ಪ್ರಶ್ನೆ, 15 ಸರಿಯಾಗಬೇಕು. 18ರಿಂದ 54 ವಯಸ್ಸಿನವರು ಇಂಗ್ಲಿಷ್ ಅಥವಾ ಫ್ರೆಂಚ್‌ನಲ್ಲಿ ಕೆನಡಾದ ಭಾಷಾ ಮಾನದಂಡದ ನಾಲ್ಕನೇ ಮಟ್ಟದ ಮಾತು ಮತ್ತು ಕೇಳುವಿಕೆಯನ್ನೂ ತೋರಿಸಬೇಕು.

ಹೋಗುವ ಹೊತ್ತು ಮುಖ್ಯ. ಶಾಲೆ ಬಿಟ್ಟ ಮೇಲೆ ಮಕ್ಕಳು ತುಂಬಿ ಗದ್ದಲವಾಗುತ್ತದೆ, ಡೆಸ್ಕಿನವರೂ ಅವಸರದಲ್ಲಿ ಕೈ ತೋರಿಸಿ ಕಳಿಸುತ್ತಾರೆ. ವಾರದ ದಿನ ಬೆಳಿಗ್ಗೆ ಹೋದರೆ ನಿಧಾನವಾಗಿ ಮಾತಾಡಲು ಅವರಿಗೂ ಬಿಡುವು. ಬ್ಲೂರ್ ರಸ್ತೆಯ ಉತ್ತರಕ್ಕೆ ಯಂಗ್ ಸ್ಟ್ರೀಟ್‌ನಲ್ಲಿರುವ ಟೊರೊಂಟೊ ರೆಫರೆನ್ಸ್ ಲೈಬ್ರರಿ ನೋಡಲೇಬೇಕಾದ ಕಟ್ಟಡ. ರೇಮಂಡ್ ಮೊರಿಯಾಮ ವಿನ್ಯಾಸದ, 1977ರಲ್ಲಿ ತೆರೆದ ಆ ಐದು ಮಹಡಿಗಳ ನಡುವಿನ ತೆರೆದ ಅಂಗಳದಲ್ಲಿ ನಿಂತರೆ ಕಣ್ಣು ತುಂಬುತ್ತದೆ. ಆದರೆ ಅಲ್ಲಿನ ಬಹುಪಾಲು ಪುಸ್ತಕ ಮನೆಗೆ ಕೊಡುವುದಿಲ್ಲ, ಡೆಸ್ಕುಗಳೂ ಹಲವು. ಮಾತು ಕಲಿಯುವವರಿಗೆ ಮನೆ ಹತ್ತಿರದ ಚಿಕ್ಕ ಬ್ರಾಂಚೇ ಮೇಲು, ಅದೇ ಮುಖಗಳು ಪ್ರತಿ ವಾರ ಸಿಗುತ್ತವೆ, ಗುರುತು ಬೆಳೆಯುತ್ತದೆ. ಎದುರಿಗೆ ಮಾತಾಡುವುದು ರೂಢಿಯಾದ ಮೇಲೆ ಫೋನಿನಲ್ಲಿ ಕೇಳಿ. ಮುಖ ಕಾಣದೆ ಮಾತು ಹಿಡಿಯುವುದು ಬೇರೆಯದೇ ಕಷ್ಟ. ಅದಕ್ಕೆ ಕಿವಿ ಹದವಾಗಲು ಮಕ್ಕಳಿಗೆಂದೇ ಇರುವ ಡಯಲ್-ಎ-ಸ್ಟೋರಿ ದೂರವಾಣಿ ಕಥೆಗಳನ್ನು ದೊಡ್ಡವರೂ ಧಾರಾಳವಾಗಿ ಕೇಳಬಹುದು.

2023ರ ಅಕ್ಟೋಬರ್ ಕೊನೆಯಲ್ಲಿ ಈ ಲೈಬ್ರರಿಯ ಮೇಲೆ ಸೈಬರ್ ದಾಳಿ ನಡೆದು ವೆಬ್‌ಸೈಟ್, ಖಾತೆ, ಸಾರ್ವಜನಿಕ ಕಂಪ್ಯೂಟರ್ ಎಲ್ಲ ತಿಂಗಳುಗಟ್ಟಲೆ ನಿಂತುಹೋದವು. ವಾಪಸ್ ಬಂದ ಪುಸ್ತಕಗಳನ್ನು ಟ್ರೇಲರ್‌ಗಳಲ್ಲಿ ತುಂಬಿಡಬೇಕಾಯಿತು. ಆಗಲೂ ಬ್ರಾಂಚ್‌ಗಳ ಬಾಗಿಲು ತೆರೆದಿತ್ತು, ಡೆಸ್ಕಿನಲ್ಲಿ ಮನುಷ್ಯರಿದ್ದರು. ಆ್ಯಪ್‌ನಲ್ಲೇ ಎಲ್ಲ ಮುಗಿಸಿಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಕೊನೆಯದಾಗಿ ವಿಳಾಸದ ವಿಷಯ. ಮಿಸಿಸಾಗ, ಬ್ರಾಂಪ್ಟನ್, ಮಾರ್ಖಮ್‌ಗಳಲ್ಲಿ ಕನ್ನಡದ ಮನೆಗಳು ಬಹಳ, ಆದರೆ ಆ ಊರುಗಳ ಲೈಬ್ರರಿಗಳು ಬೇರೆ, ಕಾರ್ಡ್ ಬೇರೆ, ನಿಯಮ ಬೇರೆ. ಅಲ್ಲಿದ್ದು ಟೊರೊಂಟೊದಲ್ಲಿ ಕೆಲಸ ಮಾಡುವವರು ಅಥವಾ ಓದುವವರು ಅದಕ್ಕೆ ಪುರಾವೆ ಒಯ್ದರೆ ಟೊರೊಂಟೊ ಕಾರ್ಡ್ ಕೂಡ ಉಚಿತವಾಗಿ ಸಿಗುತ್ತದೆ. ಮನೆಯಲ್ಲಿರುವ ಅಪ್ಪ ಅಮ್ಮನಿಗೆ ನಿಮ್ಮ ಊರಿನ ಕಾರ್ಡನ್ನೇ ಮಾಡಿಸಿ, ನಡೆದು ಹೋಗಬಹುದಾದ ಬ್ರಾಂಚಿನಲ್ಲಿ.